ಹೆಪ್ಪಿನ ವಂಶವೃಕ್ಷ

ಇನ್ಸುಲಿನ್ ಸೂಜಿಯ ಬದಲು ಮೊಸರಿನ ಬಟ್ಟಲಿನಿಂದ ಮೈಗೆ ಸೇರುವಂತಾದರೆ ಹೇಗಿರುತ್ತದೆ? ಈ ಪ್ರಶ್ನೆಗೆ ಉತ್ತರ ಸಿಕ್ಕಿ, ನಾವೆಲ್ಲ ಹಾಯಾಗಿದ್ದ ಎರಡನೇ ವರ್ಷದ ಬೇಸಿಗೆಯಲ್ಲಿ ನನ್ನ ಗಂಡ ಶಾಂತವೀರ ಮತ್ತೆ ವಿಪರೀತ ನೀರು ಕುಡಿಯತೊಡಗಿದ.

ಊಟಕ್ಕೆ ಮುಂಚೆ ಒಂದು ತಂಬಿಗೆ, ಊಟದ ನಡುವೆ ಒಂದು, ಶಾಲೆಯಿಂದ ಬಂದು ಚಪ್ಪಲಿ ಬಿಡುವ ಮೊದಲೇ ಮತ್ತೊಂದು. ಕೇಳಿದರೆ ಬೇಸಿಗೆ ಎನ್ನುತ್ತಿದ್ದ. ಬೆಟಗೇರಿಯ ಬೇಸಿಗೆ ನನಗೇನು ಹೊಸದಲ್ಲ. ಅದು ಬಾಯಿ ಒಣಗಿಸುತ್ತದೆ, ನಿಜ. ಆದರೆ ಪ್ಯಾಂಟು ಸಡಿಲ ಮಾಡುವುದಿಲ್ಲ. ಅವನ ಬೆಲ್ಟಿಗೆ ಹೊಸದೊಂದು ತೂತು ಬಿದ್ದಿತ್ತು. ಮೊಳೆಯಿಂದ ತಾನೇ ಕೊರೆದುಕೊಂಡಿದ್ದ, ನನಗೆ ಹೇಳಿರಲಿಲ್ಲ.

ನಾನು ನೀಲಾಂಬಿಕಾ. ಗದಗಿನ ಜೀವೌಷಧ ಮಂಡಳಿಯ ಪ್ರಯೋಗಾಲಯದಲ್ಲಿ ಸೂಕ್ಷ್ಮಜೀವಿಗಳನ್ನು ನೋಡಿಕೊಳ್ಳುವ ಕೆಲಸ. ಕೂತಲ್ಲಿ ಕೂರುವ ಜಾಯಮಾನ ನನ್ನದಲ್ಲ. ಒಂದು ಅನುಮಾನ ತಲೆ ಹೊಕ್ಕಿತೆಂದರೆ ಅದರ ಬಾಲ ಹಿಡಿದು ಎಳೆಯುವ ತನಕ ಅನ್ನ ರುಚಿಸುವುದಿಲ್ಲ. ಶಾಂತವೀರ ಕಾಲೇಜಿನಲ್ಲಿ ನನ್ನ ಸಹಪಾಠಿ. ಈಗಲೂ ಅವನಿಗೆ 'ನೀನು' ಎಂದೇ ಅನ್ನುತ್ತೇನೆ, ಅತ್ತೆಯ ಎದುರಿಗೆ ಮಾತ್ರ 'ರೀ' ಹಚ್ಚುತ್ತೇನೆ. ಅವನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುತ್ತಾನೆ. ಸಾಮ್ರಾಜ್ಯ, ವಂಶ, ವರ್ಗ, ಗಣ, ಕುಟುಂಬ, ಜಾತಿ, ಪ್ರಭೇದ ಎಂದು ಹುಡುಗರಿಂದ ಮಗ್ಗಿಯ ಹಾಗೆ ಹೇಳಿಸುತ್ತಾನೆ. ನಾಲ್ಕನೇ ಇಯತ್ತೆಯಲ್ಲಿದ್ದಾಗ ಅವನ ಮೈ ಇನ್ಸುಲಿನ್ ತಯಾರಿಸುವುದನ್ನು ನಿಲ್ಲಿಸಿತು. ಅಂದಿನಿಂದ ದಿನಕ್ಕೆ ನಾಲ್ಕು ಸಲ ಸೂಜಿ. ಸೂಜಿ ನಿಂತರೆ ಜೀವ ಉಳಿಯುವುದಿಲ್ಲ ಎಂಬುದನ್ನು ಮದುವೆಯ ಮಾತುಕತೆಯ ದಿನವೇ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದ.

ಆಮೇಲೆ ಬಂತು ನಮ್ಮ ಮಂಡಳಿಯ 'ಮಧುಹರ'. ಜನ ಅದಕ್ಕಿಟ್ಟ ಹೆಸರು ಸೂಜಿ ಮೊಸರು. ಹಾಲನ್ನು ಮೊಸರು ಮಾಡುವ ಬ್ಯಾಕ್ಟೀರಿಯಾದೊಳಗೆ ಇನ್ಸುಲಿನ್ ತಯಾರಿಸುವ ವಂಶವಾಹಿಯೊಂದನ್ನು ಸೇರಿಸಿದ್ದರು. ಮೊಸರು ಉಂಡರೆ ಅದು ಸಣ್ಣ ಕರುಳಿನ ಗೋಡೆಗೆ ಅಂಟಿಕೊಂಡು ಕೂರುತ್ತದೆ, ಸಕ್ಕರೆ ಬಂದುದನ್ನು ತಿಳಿದು ಬೇಕಾದಷ್ಟು ಇನ್ಸುಲಿನ್ ಒಸರುತ್ತದೆ. ಒಂದೆರಡು ದಿನದಲ್ಲಿ ಕರುಳಿನಿಂದ ಜಾರಿಹೋಗುವುದರಿಂದ ನಿತ್ಯ ಉಣ್ಣಬೇಕು. ಹೆಪ್ಪು ಪಾಕೀಟಿನಲ್ಲಿ ಬರುತ್ತದೆ. ದಿನಕ್ಕೊಂದು ಹೊಸ ಪಾಕೀಟು ಹರಿದು ಹಾಲಿಗೆ ಹಾಕಬೇಕು. ನಿನ್ನೆಯ ಮೊಸರಿನಿಂದ ಇಂದಿನ ಹಾಲಿಗೆ ಹೆಪ್ಪು ಹಾಕಕೂಡದು ಎಂದು ಪಾಕೀಟಿನ ಹಿಂದೆ ಇರುವೆ ಕಾಲಿನಂಥ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದೆವು. ಅದನ್ನು ಬರೆದ ಪುಣ್ಯಾತ್ಮರು ಯಾರೂ ಈ ಕಡೆಯ ಅಡುಗೆಮನೆಗೆ ಕಾಲಿಟ್ಟವರಲ್ಲ. ನಮ್ಮಲ್ಲಿ ಹೆಪ್ಪು ತೀರಿದ ಮನೆ ಎಂದರೆ ದೀಪ ಆರಿದ ಮನೆ. ಅಕಸ್ಮಾತ್ ತೀರಿದರೆ ಪಕ್ಕದ ಮನೆಗೆ ಬಟ್ಟಲು ಹೋಗುತ್ತದೆ. ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದೆಂದು ಸಂಜೆಗೆ ಮುಂಚೆಯೇ ಹೋಗುತ್ತದೆ, ಅಷ್ಟೇ.

ಶಾಂತವೀರ ಸೂಜಿಗಳನ್ನೂ ಸಕ್ಕರೆ ಅಳೆಯುವ ಯಂತ್ರವನ್ನೂ ದವಾಖಾನೆಗೆ ಕೊಟ್ಟು ಬಂದ ದಿನ ಅತ್ತೆ ಬಸಲಿಂಗವ್ವ ಓಣಿಗೆಲ್ಲ ಹೋಳಿಗೆ ಹಂಚಿದ್ದರು. ನನಗೂ ಅವತ್ತು ಅಳು ಬಂದಿತ್ತು. ಇದನ್ನು ಹೇಳಲು ನಾಚಿಕೆಯೇನಿಲ್ಲ.

ಬೆಲ್ಟಿನ ತೂತು ನೋಡಿದ ಮರುದಿನ ನಾನು ಪ್ರಯೋಗಾಲಯದಿಂದ ಅಳತೆಯ ಯಂತ್ರ ತಂದು, ಅವನು ಉತ್ತರಪತ್ರಿಕೆ ತಿದ್ದುತ್ತಿದ್ದಾಗ ಬೆರಳು ಹಿಡಿದು ಚುಚ್ಚಿದೆ. ಇರಬೇಕಾದದ್ದಕ್ಕಿಂತ ಎರಡೂವರೆ ಪಟ್ಟು ಇತ್ತು.

"ನಿನ್ನೆ ಸಾಲ್ಯಾಗ ಬೀಳ್ಕೊಡುಗೆ ಇತ್ತು. ಎರಡು ಜಿಲೇಬಿ ತಿಂದೆ," ಅಂದ.

"ಎರಡು ಜಿಲೇಬಿಗೆ ಇಷ್ಟು ಏರೂದಿಲ್ಲ. ಸೂಜಿ ಶುರು ಮಾಡು. ಮೊಸರಿನಾಗ ಏನೋ ಕೆಟ್ಟೈತಿ."

"ನಿಮ್ಮ ಮೊಸರಿನ ಮ್ಯಾಲ ನಿನಗ ನಂಬಿಕಿ ಇಲ್ಲೇನು? ಬ್ಯಾಕ್ಟೀರಿಯಾ ಏನು ರಾತ್ರೋರಾತ್ರಿ ಬದಲಾಗತೈತಿ? ವಿಕಾಸ ಅಂದ್ರ ಲಕ್ಷಗಟ್ಟಲೆ ವರ್ಷ ಬೇಕು. ಪಾಠದಾಗ ಐತಿ ನೋಡು."

"ಪಾಠದಾಗ ಆನೀದೂ ಕುದುರೀದೂ ಐತಿ," ಎಂದೆ ನಾನು. "ಆನಿ ಒಂದು ಮರಿ ಹಾಕೋದರಾಗ ಇದು ಎಷ್ಟು ತಲಿಮಾರು ಕಳೀತೈತಿ ಅಂತ ನಿನಗ ನಾ ಹೇಳಬೇಕಾ?"

ಅವನು ಉತ್ತರ ಕೊಡಲಿಲ್ಲ, ಕೆಂಪು ಪೆನ್ನು ಹಿಡಿದು ತಲೆ ತಗ್ಗಿಸಿದ. ಅವನ ಈ ಮೌನ ನನಗೆ ಸರಿ ಅನ್ನಿಸಲಿಲ್ಲ. ವಾದ ಮಾಡಿ ಗೆಲ್ಲುವ ಚಟ ಅವನಿಗೆ ನನಗಿಂತ ಒಂದು ಕೈ ಹೆಚ್ಚೇ.

ನಾನು ಇನ್ಸುಲಿನ್ ಸೀಸೆಯನ್ನೂ ಸೂಜಿಗಳನ್ನೂ ತಂದು ಫ್ರಿಜ್ಜಿನಲ್ಲಿ ಕೊತ್ತಂಬರಿಯ ಹಿಂದೆ ಇಟ್ಟೆ. ದಿನಾ ಹೇಳಿದೆ, ದಿನಾ ಒಲ್ಲೆ ಅಂದ. ಬೆಳೆದ ಗಂಡಸನ್ನು ಕಂಬಕ್ಕೆ ಕಟ್ಟಿ ಚುಚ್ಚಲಾದೀತೇ? ಪುರಾವೆ ತಂದು ಅವನ ಮೂಗಿನ ಕೆಳಗೆ ಹಿಡಿಯುವುದೊಂದೇ ದಾರಿ ಅಂದುಕೊಂಡೆ.

ಪ್ರಯೋಗಾಲಯದಲ್ಲಿ ಆ ಹೊತ್ತಿಗೆ ದೂರುಗಳು ಬರತೊಡಗಿದ್ದವು. ಬೆಟಗೇರಿಯಿಂದಲೇ ಹೆಚ್ಚು. ನಮ್ಮ ಮುಖ್ಯಸ್ಥರು ಹಣಮಂತರಾವ್ ಜಹಗೀರದಾರ. ಕೆಟ್ಟ ಮನುಷ್ಯರಲ್ಲ, ಆದರೆ ಯಂತ್ರ ಹೇಳಿದ್ದೇ ವೇದ. ಅವರ ಮೇಜಿನ ಪಕ್ಕದಲ್ಲಿ ಒಂದು ಪೆಟ್ಟಿಗೆ ಇದೆ. ಅದಕ್ಕೆ ಒಂದು ಹನಿ ಮೊಸರು ಹಾಕಿದರೆ ಒಳಗಿರುವ ಜೀವಿಯ ಕುಲಗೋತ್ರವನ್ನೆಲ್ಲ ಸಾಮ್ರಾಜ್ಯದಿಂದ ಪ್ರಭೇದದ ತನಕ ಪರದೆಯ ಮೇಲೆ ತೋರಿಸುತ್ತದೆ. ನಾವು ಅದನ್ನು ಹೆಸರುಪೆಟ್ಟಿಗೆ ಅನ್ನುತ್ತೇವೆ. ನಾನು ಮನೆಯಿಂದ ಒಯ್ದ ಮೊಸರನ್ನು ಅವರೇ ಹಾಕಿ ನೋಡಿದರು. ಹಸಿರು ದೀಪ ಹತ್ತಿತು.

"ಹೆಸರು ಸರಿಯಾಗೇ ಅದ. ಕುಲ ಸರಿ ಅದ. ಇನ್ನೇನು ಬೇಕವಾ ನಿನಗ?" ಅಂದರು.

"ಸರ್, ಅದು ಹೆಸರು ಗುರುತಿಸೋವಷ್ಟು ತುಣುಕು ಓದತೈತಿ, ಅಷ್ಟ. ನಾವು ಹೆಸರು ಕೇಳಿದ್ವಿ, ಅದು ಹೆಸರು ಹೇಳ್ತು. ಕೆಲಸಾ ಮಾಡತೈತೋ ಇಲ್ಲೋ ಅಂತ ಕೇಳೇ ಇಲ್ಲ."

"ಮಂದಿ ಸಿಹಿ ತಿಂತಾರ, ಆಮ್ಯಾಲೆ ಮೊಸರಿನ ಮ್ಯಾಲೆ ಹಾಕ್ತಾರ. ಈಗ ನೀ ಏನರೆ ನೋಟೀಸು ಹಚ್ಚಿದರ ಊರು ಗಾಬರಿ ಆಗ್ತದ. ಮೊದಲು ಖಾತ್ರಿ ಮಾಡ್ಕೋ. ಬ್ಯಾಡ ಅನ್ನೂದಿಲ್ಲ."

ಖಾತ್ರಿ ಮಾಡಿಕೊಳ್ಳಲು ಹೊರಟೆ. ನನ್ನ ಮೊದಲ ಊಹೆ ಬಿಸಿಲಿನದು. ಪಾಕೀಟು ತರುವ ಗಾಡಿಯಲ್ಲಿ ತಂಪು ಸಾಲದೆ ಹೆಪ್ಪು ಕಾವು ತಿಂದು ಕೆಟ್ಟಿರಬೇಕು. ಕೆಲವು ಪಾಕೀಟುಗಳನ್ನು ಪ್ರಯೋಗಾಲಯದ ತಾರಸಿಯ ಮೇಲೆ ಬಿಸಿಲಿಗಿಟ್ಟೆ, ಕೆಲವನ್ನು ಫ್ರಿಜ್ಜಿನಲ್ಲಿಟ್ಟೆ. ಎರಡರಿಂದಲೂ ಒಂದೇ ಹಾಲಿನಲ್ಲಿ, ಒಂದೇ ಬಿಸಿಯಲ್ಲಿ ಮೊಸರು ಮಾಡಿ ಇನ್ಸುಲಿನ್ ಅಳೆದೆ. ಈ ಅಳತೆ ಹೆಸರುಪೆಟ್ಟಿಗೆಯ ಹಾಗೆ ಚಿಟಿಕೆ ಹೊಡೆಯುವಷ್ಟರಲ್ಲಿ ಆಗುವಂಥದ್ದಲ್ಲ, ಎರಡು ದಿನ ಹಿಡಿಯುತ್ತದೆ. ಆ ಎರಡು ದಿನ ನಾನು ಪ್ರಯೋಗಾಲಯದಲ್ಲಿದ್ದರೆ ಮನೆಯ ಚಿಂತೆ, ಮನೆಯಲ್ಲಿದ್ದರೆ ಪ್ರಯೋಗಾಲಯದ ಚಿಂತೆ ಎಂದು ಕಾಲಿಗೆ ಚಕ್ರ ಕಟ್ಟಿಕೊಂಡಂತೆ ತಿರುಗಿದೆ. ಫಲಿತಾಂಶ ಬಂತು. ಬಿಸಿಲಿನ ಪಾಕೀಟೂ ತಂಪಿನ ಪಾಕೀಟೂ ಸರಿಸಮ ಇನ್ಸುಲಿನ್ ಮಾಡಿದ್ದವು. ನನ್ನ ಊಹೆ ಸತ್ತಿತ್ತು.

ಊಹೆ ಸಾಯುವುದು ವಿಜ್ಞಾನಕ್ಕೆ ಒಳ್ಳೆಯದೆಂದು ನಾನೇ ತರಬೇತಿಗೆ ಬಂದವರಿಗೆ ಹೇಳುತ್ತಿರುತ್ತೇನೆ. ಮನೆಯಲ್ಲಿ ಗಂಡ ತಂಬಿಗೆ ಎತ್ತುತ್ತಿರುವಾಗ ಆ ಮಾತು ಸಮಾಧಾನ ಕೊಡುವುದಿಲ್ಲ.

ಅದೇ ವಾರ ತಪಾಸಣೆಗೆ ರುದ್ರಪ್ಪ ಹತ್ತಿಕಟಗಿ ಬಂದ. ನಮ್ಮ ಹಿಂದಿನ ಓಣಿಯಲ್ಲಿ ಒಬ್ಬನೇ ಇರುವ ನೇಕಾರ, ಅವನದೂ ಶಾಂತವೀರನಂಥದೇ ಕಾಯಿಲೆ. ಬೆಟಗೇರಿಯವರದೆಲ್ಲ ಸಕ್ಕರೆ ಏರಿರುವಾಗ ಅವನದು ನೂರಕ್ಕೆ ನೂರು ಸರಿ ಇತ್ತು. ನಾನು ಎರಡನೇ ಸಲ ಬೆರಳು ಚುಚ್ಚಿ ನೋಡಿದೆ.

"ಯಾಕ್ರಿ ಅಕ್ಕಾರ, ಏನರ ಜಾಸ್ತಿ ಆಗೇತೇನ್ರಿ?" ಎಂದು ಹೆದರಿದ.

"ಇಲ್ಲೋ, ಬರೋಬ್ಬರಿ ಐತಿ. ನೀ ಪಾಕೀಟು ಎಲ್ಲಿಂದ ತಗೋತಿ? ನಿನ್ನ ಪಾಕೀಟಿನ ಕಾರ್ಡು ಇನ್ನೂ ಇಳಕಲ್ಲಿನ ವಿಳಾಸಕ್ಕ ಐತಲ್ಲ, ಇಲ್ಲಿ ಹ್ಯಾಂಗ ಸಿಗತೈತಿ?"

"ನಿಮ್ಮ ಅತ್ತಿಯವರ ಕೊಡ್ತಾರಲ್ರೀ. ದಿನಾ ಒಂದು. ತಮ್ಮ ಮನ್ಯಾಗ ಹೆಪ್ಪು ಛಲೋ ಐತಿ, ಇದು ಬೇಕಾಗೂದಿಲ್ಲ ಅಂತ ಕೊಡ್ತಾರ. ನಾ ಒಂದು ಬಟ್ಟಲಾ ಹಾಕ್ಕೋತೀನ್ರಿ, ನೆಕ್ಕಿ ಮುಗಸ್ತೀನಿ. ಉಳೀಯೂದ ಇಲ್ಲ."

ಬೆಳಿಗ್ಗೆ ಕೆಲಸಕ್ಕೆ ಓಡುವವಳು ನಾನು. ಪಾಕೀಟಿನ ಡಬ್ಬಿ ಬರಿದಾಗುವುದನ್ನು ಮಾತ್ರ ನೋಡುತ್ತಿದ್ದೆ, ಬಟ್ಟಲಿಗೆ ಏನು ಬೀಳುತ್ತದೆಂದು ನೋಡಿರಲಿಲ್ಲ. ಅತ್ತೆಯ ಅಡುಗೆಮನೆಯಲ್ಲಿ ತನಿಖೆ ಮಾಡುವ ಸೊಸೆ ಇನ್ನೂ ಹುಟ್ಟಬೇಕಷ್ಟೇ.

ಆಗ ಎರಡನೇ ಊಹೆ ತಾನಾಗಿಯೇ ಎದ್ದು ನಿಂತಿತು. ಹಾಲಿನಲ್ಲೂ ಸಕ್ಕರೆಯಿದೆ. ಅದನ್ನು ಕಂಡು ನಮ್ಮ ಬ್ಯಾಕ್ಟೀರಿಯಾ ಬಟ್ಟಲಿನಲ್ಲೇ ಇನ್ಸುಲಿನ್ ಮಾಡುತ್ತ ಅರ್ಧ ಶಕ್ತಿ ಅದಕ್ಕೇ ಸುರಿಯುತ್ತದೆ. ಆ ಇನ್ಸುಲಿನ್ನಿನಿಂದ ಅದಕ್ಕೆ ಮೂರು ಕಾಸಿನ ಲಾಭವಿಲ್ಲ. ಕೋಟ್ಯಂತರದಲ್ಲಿ ಒಂದಕ್ಕೆ ಅಕಸ್ಮಾತ್ ಆ ವಂಶವಾಹಿ ಕೆಟ್ಟಿತು ಅನ್ನಿ. ಅದರ ತಲೆಯ ಹೊರೆ ಇಳಿಯಿತು. ಅದು ಉಳಿದವಕ್ಕಿಂತ ಬೇಗ ಬೆಳೆಯುತ್ತದೆ. ಒಂದು ರಾತ್ರಿ ಮೊಸರು ಹೆಪ್ಪುಗಟ್ಟುವುದರಲ್ಲಿ ಆರೇಳು ತಲೆಮಾರು ಕಳೆಯುತ್ತವೆ. ಹೊಸ ಪಾಕೀಟು ಹರಿದರೆ ಕತೆ ಅಲ್ಲಿಗೇ ಮುಗಿಯುತ್ತದೆ. ನಿನ್ನೆಯದರಿಂದಲೇ ಇಂದು, ಇಂದಿನದರಿಂದಲೇ ನಾಳೆ ಎಂದು ಆರು ತಿಂಗಳು ನಡೆಸಿದರೆ ಸಾವಿರಕ್ಕೂ ಮೀರಿದ ತಲೆಮಾರು. ಮನುಷ್ಯರಲ್ಲಿ ಸಾವಿರ ತಲೆಮಾರು ಹಿಂದೆ ಹೋದರೆ ಗುಹೆ ಸಿಗುತ್ತದೆ.

ಆದರೆ ಊಹೆ ಊಹೆಯೇ. ಒಂದನ್ನು ಕಳೆದುಕೊಂಡಿದ್ದೆ, ಇದನ್ನೂ ಕೊಲ್ಲಲು ಪ್ರಯತ್ನಿಸಬೇಕಿತ್ತು. ಸಂಜೆ ಸಣ್ಣ ಸೀಸೆಗಳನ್ನು ಚೀಲಕ್ಕೆ ಹಾಕಿಕೊಂಡು ರುದ್ರಪ್ಪನ ಮನೆಯಿಂದ ಶುರುಮಾಡಿ ನಮ್ಮ ಓಣಿಯ ಮನೆಮನೆ ತಿರುಗಿದೆ. ಪ್ರತಿ ಮನೆಯಲ್ಲೂ ಎರಡೇ ಪ್ರಶ್ನೆ. ಒಂದು ಚಮಚ ಮೊಸರು ಕೊಡ್ತೀರಾ? ಈ ಹೆಪ್ಪು ಯಾರ ಮನೆಯಿಂದ ಬಂತು?

ಎರಡನೆಯದಕ್ಕೆ ಯಾರೂ ತಡವರಿಸಲಿಲ್ಲ. ಮಗಳ ಹೆರಿಗೆಯ ಹೊತ್ತಿಗೆ ಮೂಲೆಮನೆಯಿಂದ ತಂದದ್ದು, ದೀಪಾವಳಿಗೆ ಊರಿಗೆ ಹೋಗಿ ಬಂದಾಗ ಎದುರು ಮನೆಯಿಂದ ತಂದದ್ದು, ಹೀಗೆ ಹೇಳುತ್ತ ಹೋದರು. ಪಕ್ಕದ ಮನೆಯ ಮೆಹರುನ್ನೀಸಾ, ನಮಗೆಲ್ಲ ಮೆಹರಕ್ಕ, ನಕ್ಕೇ ಬಿಟ್ಟಳು.

"ಇದನ್ನೇನ್ ಕೇಳ್ತೀಯ ನೀಲಾ, ನಿಮ್ಮ ಮನೀದ! ಆ ಪಾಕೀಟಿಂದು ನೀರ ನೀರ ಆಗತಿತ್ತು, ನಮ್ಮ ಮಾವ ಬಾಯಿಗೆ ಹಚ್ತಿರಲಿಲ್ಲ. ನಾ ಹೋದ ಬ್ಯಾಸಗಿಯಾಗ ತಂದೀನಿ. ಆಮ್ಯಾಲ ತಂದವರದು ಇನ್ನೂ ಗಟ್ಟಿ ಐತಂತ. ಏನರ ಅನ್ನು, ಬಸಲಿಂಗವ್ವಾರ ಕೈಗುಣಾನ ಬ್ಯಾರೆ."

ಎರಡು ದಿನ ಕಳೆದು ಶನಿವಾರ ಮಧ್ಯಾಹ್ನ ಅಳತೆಗಳು ಬಂದವು. ರುದ್ರಪ್ಪನ ಮೊಸರಿನಲ್ಲಿ ಇನ್ಸುಲಿನ್ ಪೂರ್ತಿ. ಮೆಹರಕ್ಕನ ಮೊಸರಿನಲ್ಲಿ ಅಲ್ಪಸ್ವಲ್ಪ. ಓಣಿಯ ಉಳಿದ ಮನೆಗಳದರಲ್ಲಿ ಸೊನ್ನೆ. ನಮ್ಮ ಮನೆಯದರಲ್ಲೂ ಸೊನ್ನೆ. ಅಷ್ಟನ್ನೂ ಹೆಸರುಪೆಟ್ಟಿಗೆಗೆ ಹಾಕಿದೆ, ಎಲ್ಲದಕ್ಕೂ ಅದು ಒಂದೇ ಹೆಸರು ಹೇಳಿತು. ಜಹಗೀರದಾರರು ಎರಡೂ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಆಮೇಲೆ ಬೆಟಗೇರಿಗೆ ಸೂಜಿ ಸೀಸೆಗಳ ಗಾಡಿ ಕಳಿಸಲು ಫೋನು ಎತ್ತಿದರು. ಆ ಮಟ್ಟಿಗೆ ದೊಡ್ಡ ಮನುಷ್ಯರೇ. "ಗಾಡಿ ಬರ್ತದ. ಆದರ ಛಲೋ ಮೊಸರು ಚೆಲ್ಲು ಅಂದರ ಯಾರು ಕೇಳ್ತಾರವಾ?" ಅಂದರು. ನಾನು ಮನೆಗೆ ಓಡಿದೆ.

ಅತ್ತೆ ಒಳಗೆ ಮಲಗಿದ್ದರು. ಪಡಸಾಲೆಯ ಗೋಡೆಗೆ ಶಾಂತವೀರ ಮನೆಪಾಠ ಹೇಳುವ ಕಪ್ಪು ಹಲಗೆ ಇದೆ. ನಾನು ಸೀಮೆಸುಣ್ಣ ತೆಗೆದುಕೊಂಡು ಮೇಲಿನಿಂದ ಕೆಳಕ್ಕೆ ಮನೆಗಳ ಹೆಸರು ಬರೆದು, ಯಾರ ಹೆಪ್ಪು ಯಾರಿಂದ ಬಂತೆಂದು ಗೆರೆ ಎಳೆಯುತ್ತ ಹೋದೆ. ಕೈ ನಿಲ್ಲಲಿಲ್ಲ. ಗೆರೆಗಳು ಎರಡಾಗಿ, ಎರಡು ಒಂದಾಗಿ ಕೆಳಗೆ ಇಳಿದವು. ಮೆಹರಕ್ಕನ ಕೊಂಬೆ ಬುಡದ ಹತ್ತಿರದಲ್ಲೇ ಬೇರೆಯಾಗಿತ್ತು. ಅದಕ್ಕೇ ಅದರಲ್ಲಿ ಇನ್ನೂ ಅಷ್ಟು ಉಳಿದಿತ್ತು. ಕೆಟ್ಟದ್ದು ಆ ಕೊಂಬೆ ಒಡೆದ ಮೇಲೆ ಬುಡದಲ್ಲಿ ಬಲಿತು, ಅಲ್ಲಿಂದ ಮುಂದೆ ಹೊರಟ ಪ್ರತಿ ಬಟ್ಟಲಿಗೂ ಹಂಚಿಹೋಗಿತ್ತು. ಬುಡದಲ್ಲಿ ಒಂದು ಹೆಸರು ಬರೆಯಬೇಕಿತ್ತು, ನಾನು ಬರೆಯಲಿಲ್ಲ.

ಅರ್ಧ ದಿನದ ಶಾಲೆ ಮುಗಿಸಿ ಶಾಂತವೀರ ಬಂದ. ಬಾಗಿಲ ಚೌಕಟ್ಟು ಹಿಡಿದುಕೊಂಡು ಏದುಸಿರು ಬಿಡುತ್ತ ಹಲಗೆಯನ್ನು ಓದಿದ. ಹತ್ತಿರ ಬಂದಾಗ ಅವನ ಬಾಯಿಯಿಂದ ಕೊಳೆತ ಹಣ್ಣಿನ ವಾಸನೆ ಬಂತು. ಆ ವಾಸನೆಯ ಅರ್ಥ ನನಗೆ ಗೊತ್ತು. ಇನ್ಸುಲಿನ್ ಸಾಲದ ಮೈ ತನ್ನ ಕೊಬ್ಬನ್ನೇ ಸುಟ್ಟುಕೊಳ್ಳುತ್ತ ರಕ್ತವನ್ನು ಹುಳಿ ಮಾಡುತ್ತಿದೆ, ಇನ್ನು ತಡ ಮಾಡಿದರೆ ಪ್ರಜ್ಞೆ ತಪ್ಪುತ್ತದೆ.

ಅವನು ನನ್ನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು ಬುಡದಲ್ಲಿ 'ಅವ್ವ' ಎಂದು ಬರೆದ.

"ನಿನಗ ಗೊತ್ತಿತ್ತು," ಅಂದೆ.

"ಯುಗಾದಿ ಹೊತ್ತಿಗೇ ಗೊತ್ತಾತು. ಪಾಕೀಟು ಎಲ್ಲಿಗೆ ಹೋಗತಾವ ಅಂತ ನೋಡೀನಿ. ಲೆಕ್ಕಾನೂ ಹಾಕೀನಿ. ಒಂಬತ್ತನೇ ಇಯತ್ತೇಕ ದಿನಾ ಇದನ್ನ ಪಾಠಾ ಹೇಳಾವ ನಾನು."

"ಮತ್ತ ಲಕ್ಷ ವರ್ಷ ಅಂತ ನನಗ ಯಾಕ ಹೇಳಿದಿ? ಕದ್ದಾದರೂ ಸೂಜಿ ತಗೋಬಾರದಿತ್ತೇನೋ?"

"ತಗೊಂಡೆ. ಎರಡು ದಿನ, ಸಾಲಿ ಪ್ರಯೋಗಶಾಲಿಯಾಗ ಬಾಗಲಾ ಹಾಕ್ಕೊಂಡು. ಮನೀಗೆ ಬಂದ್ರ ಅವ್ವ ಬಟ್ಟಲ ಹಿಡಕೊಂಡು, ಇವತ್ತ ಹ್ಯಾಂಗ ಕಟ್ಟೇತಿ ನೋಡು ಅಂತ ನಿಂತಿರ್ತಿದ್ಲು. ಆಕಿಗೆ ಮೋಸಾ ಮಾಡಿದಂಗ ಅನಸ್ತು, ಬಿಟ್ಟೆ. ನಾಳೆ ತಗೊಂಡ್ರಾತು, ನಾಳೆ ತಗೊಂಡ್ರಾತು ಅಂತ ದಿನಾ ದೂಡಿದೆ." ಅವನು ಕಟ್ಟೆಯ ಮೇಲೆ ಕುಸಿದು ಕೂತ. "ಅವ್ವಗ ಹೇಳಬ್ಯಾಡ ನೀಲಾ. ಆಕಿ ಕೈಯಾರೆ ಆತು ಅಂತ ಗೊತ್ತಾದ್ರ ಆಕಿ ಬದುಕೂದಿಲ್ಲ."

ನನಗೆ ಅವನ ಮೇಲೆ ಬಂದಷ್ಟು ಸಿಟ್ಟು ಜನ್ಮದಲ್ಲಿ ಯಾರ ಮೇಲೂ ಬಂದಿರಲಿಲ್ಲ. ಅಷ್ಟೇ ಮರುಕವೂ ಬಂತು. ಬೈಯಲು ಬಾಯಿ ತೆರೆದೆ. ಅತ್ತೆ ಸೆರಗು ಸರಿಮಾಡಿಕೊಳ್ಳುತ್ತ ಪಡಸಾಲೆಗೆ ಬಂದಿದ್ದರು. ಕನ್ನಡಕ ಏರಿಸಿ ಹಲಗೆಯನ್ನು ಓದುತ್ತಿದ್ದರು.

"ಓಣಿ ಮಂದಿ ಹೆಸರೆಲ್ಲಾ ಬರದೀರಿ. ಬುಡಕ ನನ್ನನ್ಯಾಕ ಹಾಕೀರಿ?"

ಶಾಂತವೀರ ನನ್ನ ಕಡೆ ನೋಡಿ ತಲೆಯಾಡಿಸಿದ. ನಾನು ಅವನ ಮಾತು ಕೇಳುವ ಸ್ಥಿತಿಯಲ್ಲಿ ಇರಲಿಲ್ಲ.

"ಅತ್ತೀ, ನೀವು ಹೆಪ್ಪು ಹ್ಯಾಂಗ ಇಡ್ತೀರಿ, ಹೇಳ್ರಿ."

"ಹ್ಯಾಂಗಂದ್ರ? ದಿನಾ ನಾಕು ಬಟ್ಟಲಾ ಹಾಕ್ತೀನಿ. ಮುಂಜಾನೆ ಎದ್ದು ಯಾವುದು ಗಟ್ಟಿ ಕಟ್ಟೇತಿ ನೋಡಿ, ಅದರಾಗಿಂದ ತಗದು ನಾಳಿಗೆ ಇಡ್ತೀನಿ. ತೆಳ್ಳಂದು ಸಾರಿಗೆ ಹೋಗತೈತಿ, ಇಲ್ಲಾಂದ್ರ ಮಜ್ಜಿಗಿ ಆಗತೈತಿ. ಮೊದಲ ಆ ಪಾಕೀಟಿಂದನ ಶುರು ಮಾಡಿದ್ದೆ. ಬರೇ ನೀರಿತ್ತು. ಆರಿಸಿ ಆರಿಸಿ ಹಿಂಗ ದಾರಿಗೆ ತಂದೀನಿ." ಅವರ ದನಿಯಲ್ಲಿ ಹೆಮ್ಮೆ ಇತ್ತು.

"ಅತ್ತೀ, ಔಷಧಾ ಮಾಡೂವು ಆ ತೆಳ್ಳಂದರಾಗ ಇದ್ದವು. ಔಷಧಾ ಮಾಡೂದರಾಗ ದಣದು ಅವು ಮೊಸರು ಗಟ್ಟಿ ಕಟ್ಟತಿರಲಿಲ್ಲ. ಔಷಧಾ ಬಿಟ್ಟವು ಗಟ್ಟಿ ಕಟ್ಟತಿದ್ದವು. ಬಿತ್ತಾಕ ತೆನಿ ಆರಿಸಿದಂಗ ನೀವು ದಿನಾ ಅವನ್ನ ಆರಿಸಿ ಇಟ್ರಿ, ಔಷಧಾದವನ್ನ ಮಜ್ಜಿಗಿ ಮಾಡಿದ್ರಿ. ಈಗ ನಮ್ಮ ಹೆಪ್ಪಿನಾಗ ಔಷಧಾ ಇಲ್ಲ. ಓಣ್ಯಾಗ ಯಾರ ಮನ್ಯಾಗೂ ಸಾಕಾಗೂವಷ್ಟು ಇಲ್ಲ. ಇವರ ಸಕ್ಕರಿ ಏರೇತಿ. ಈಗಿಂದೀಗ ದವಾಖಾನಿಗೆ ಒಯ್ಯಬೇಕು."

ಅತ್ತೆ ಇನ್ನಷ್ಟು ಹತ್ತಿರ ಬಂದರು. ಹಲಗೆಯ ಮೇಲಿನ ಗೆರೆಗಳ ಮೇಲೆ ಬೆರಳಾಡಿಸಿದರು. ಮೆಹರಕ್ಕನ ಹೆಸರಿನ ಮೇಲೆ, ಮೂಲೆಮನೆಯ ಮೇಲೆ, ಎದುರು ಮನೆಯ ಮೇಲೆ ಬೆರಳು ನಿಂತು ನಿಂತು ಹೋಯಿತು.

"ಆ ಹುಳಕ್ಕ ಗೊತ್ತಿತ್ತೇನು, ಹಿಂಗ ಮಾಡಿದ್ರ ಈಕಿ ನನ್ನನ್ನ ಇಟ್ಕೋತಾಳ ಅಂತ?"

"ಇಲ್ಲ ಅತ್ತೀ, ಅದಕ್ಕೇನೂ ಗೊತ್ತಿಲ್ಲ. ಅದಕ್ಕ ಮನಸೂ ಇಲ್ಲ, ಮೋಸಾನೂ ಇಲ್ಲ. ನೂರಾರು ಥರ ಹುಟ್ಟತಾವು. ಒಂದನ್ನ ಯಾರೋ ಉಳಿಸಿಕೊಂತಾರ."

"ಅಂದ್ರ ತಿಳಿಯೂವಂಥಾಕಿ ನಾನೊಬ್ಬಾಕಿ ಇದ್ದೆ. ನನಗೂ ಗೊತ್ತಿರಲಿಲ್ಲ." ಅವರು ಮಗನ ಕಡೆ ತಿರುಗಿದರು. "ನಿನಗ?"

ಶಾಂತವೀರ ನೆಲ ನೋಡಿದ.

"ಗೊತ್ತಿದ್ದೂ ಉಂಡೇನೋ?"

"ಛಲೋ ಇತ್ತವ್ವಾ," ಅಂದ ಅವನು, ಸಣ್ಣ ದನಿಯಲ್ಲಿ.

ಅತ್ತೆ ಅಳುತ್ತಾರೆಂದು ನಾನು ಕಾದೆ. ಅವರು ಅಡುಗೆಮನೆಗೆ ಹೋದರು. ನಾಲ್ಕೂ ಬಟ್ಟಲುಗಳನ್ನು ದೊಡ್ಡ ಪಾತ್ರೆಗೆ ಸುರಿದುಕೊಂಡು ಸೊಂಟಕ್ಕೆ ಆನಿಸಿಕೊಂಡು ಹೊರಗೆ ಬಂದರು. ಬಾಗಿಲ ಮುಂದಿನ ಗಟಾರದ ಅಂಚಿನಲ್ಲಿ ನಿಂತು ಪಾತ್ರೆಯನ್ನು ಬೋರಲು ಹಾಕಿದರು. ಗಟ್ಟಿ ಮೊಸರು ಉಂಡೆ ಉಂಡೆಯಾಗಿ ಬಿತ್ತು. ಹಾಲು ಮೊಸರನ್ನು ಗಟಾರಕ್ಕೆ ಚೆಲ್ಲುವುದನ್ನು ಆ ಓಣಿ ಯಾವತ್ತೂ ಕಂಡಿರಲಿಲ್ಲ. ಮೆಹರಕ್ಕ ಓಡಿ ಬಂದಳು, ಎದುರು ಮನೆಯವರು ಬಂದರು, ಮಗ್ಗದ ಮನೆಗಳ ಸದ್ದು ಒಂದೊಂದಾಗಿ ನಿಂತಿತು.

"ಏನಾತ್ರಿ ಬಸಲಿಂಗವ್ವಾರ? ಹಲ್ಲಿ ಬಿತ್ತೇನ್ರಿ?" ಎಂದು ಕೇಳಿದಳು ಮೆಹರಕ್ಕ.

"ಹಲ್ಲಿ ಬಿದ್ದಿದ್ರ ಒಂದು ಬಟ್ಟಲ ಹೋಗತಿತ್ತು. ನನ್ನ ಹೆಪ್ಪು ಕೆಟ್ಟೈತಿ. ಅದರಾಗ ಔಷಧಾ ಇಲ್ಲ. ನನ್ನ ಮಗಾ ಅದನ್ನ ಉಂಡು ಒಳಗ ಬಿದ್ದಾನ. ನಿಮಗೆಲ್ಲಾ ನಾನ ಕೊಟ್ಟೀನಿ, ನಾನ ಹೇಳಾಕತ್ತೀನಿ, ಈಗ ಚೆಲ್ರಿ. ಸೂಜಿ ಬಿಟ್ಟವರು ಇವತ್ತ ಹಿಡೀರಿ. ನನ್ನ ಸೊಸಿ ಹೇಳಿದಂಗ ಕೇಳ್ರಿ."

ಯಾರೂ ಕದಲಲಿಲ್ಲ. ಚೆನ್ನಾಗಿ ಕಟ್ಟಿದ ಮೊಸರನ್ನು ಚೆಲ್ಲುವುದೆಂದರೆ ಕೈ ಏಳುವ ಮಾತಲ್ಲ. ಅತ್ತೆ ಮೆಹರಕ್ಕನ ಮನೆಯೊಳಗೆ ತಾವೇ ನುಗ್ಗಿ, ಅವಳ ಬಟ್ಟಲು ತಂದು ಗಟಾರಕ್ಕೆ ಸುರಿದು, ಖಾಲಿ ಬಟ್ಟಲನ್ನು ಅವಳ ಕೈಗೆ ಕೊಟ್ಟರು. ಮೆಹರಕ್ಕ ಅವರ ಮುಖ ನೋಡಿದಳು. ಆಮೇಲೆ ಮೂಲೆಮನೆಯ ಕಡೆ ತಾನೇ ನಡೆದಳು. ಎದುರು ಮನೆಯವರು ಒಳಗೆ ಹೋಗಿ ತಮ್ಮದನ್ನು ತಂದರು. ಓಣಿಯ ಗಟಾರ ಬೆಳ್ಳಗಾಗುವುದನ್ನು ನೋಡುತ್ತ ನಾನು ಆಟೋದವನಿಗೆ ಫೋನು ಮಾಡಿದೆ. ನನ್ನ ಸೀಸೆಗಳು, ಅಳತೆಗಳು, ಗೆರೆಗಳು ಎಲ್ಲ ಸೇರಿ ಒಂದು ಬಟ್ಟಲನ್ನೂ ಖಾಲಿ ಮಾಡಿಸುತ್ತಿರಲಿಲ್ಲ ಎಂಬುದು ನನಗೆ ಖಚಿತವಾಗಿತ್ತು.

ಒಳಗೆ ಬಂದಾಗ ಶಾಂತವೀರ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದ. ನಾನು ಫ್ರಿಜ್ಜು ತೆಗೆದು ಸೀಸೆ ಹೊರತೆಗೆದೆ. ಯಂತ್ರದಲ್ಲಿ ಸಕ್ಕರೆ ನೋಡಿ, ದವಾಖಾನೆಯ ವೈದ್ಯರಿಗೆ ಫೋನಿನಲ್ಲಿ ಹೇಳಿದೆ. ಎಷ್ಟು ಕೊಡಬೇಕೆಂದು ತಿಳಿಸಿ, ಕೊಟ್ಟ ಕೂಡಲೇ ಕರೆತನ್ನಿ ಅಂದರು. ಸೂಜಿಗೆ ಔಷಧ ಏರಿಸಿಕೊಳ್ಳತೊಡಗಿದೆ. ಪ್ರಯೋಗಾಲಯದಲ್ಲಿ ಕೂದಲೆಳೆಯಷ್ಟು ಹನಿ ಅಳೆಯುವ ಕೈ ನನ್ನದು. ಗುಳ್ಳೆ ಬಂತು, ಹೊರಗೆ ಹಾಕಿದೆ, ಮತ್ತೆ ಗುಳ್ಳೆ ಬಂತು.

ಅತ್ತೆ ನನ್ನ ಹಿಂದೆ ಬಂದು ನಿಂತರು. ಗಟಾರದ ಬಳಿ ಒದ್ದೆಯಾದ ಕೈಯನ್ನು ಸಾಬೂನಿನಿಂದ ತೊಳೆದು, ಒಗೆದ ಪಂಚೆಯ ತುದಿಗೆ ಒರೆಸಿಕೊಂಡಿದ್ದರು.

"ಎಷ್ಟು ಅಂದಾರ?" ಎಂದು ಕೇಳಿದರು.

ಹೇಳಿದೆ. ಸೂಜಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಬೆಳಕಿಗೆ ಹಿಡಿದು, ಉಗುರಿನಿಂದ ಎರಡು ಸಲ ತಟ್ಟಿ, ಗುಳ್ಳೆ ಬಿಡಿಸಿದರು. ಆಗ ನನಗೆ ಹೊಳೆಯಿತು. ನಾಲ್ಕನೇ ಇಯತ್ತೆಯಿಂದ ಕಾಲೇಜಿನ ತನಕ ದಿನಕ್ಕೆ ನಾಲ್ಕು ಸಲ ಆ ಹುಡುಗನಿಗೆ ಚುಚ್ಚಿದವರು ಇನ್ನಾರು? ಎಷ್ಟು ವರ್ಷ ಈ ಕೈ ಅದನ್ನು ಮಾಡಿತ್ತೋ, ಇನ್ನು ಮಾಡಬೇಕಿಲ್ಲ ಎಂದ ದಿನ ಹೋಳಿಗೆ ಹಂಚಿದ್ದು ಯಾಕೆಂದು ನಾನು ಅಲ್ಲಿಯ ತನಕ ಯೋಚಿಸಿರಲೇ ಇಲ್ಲ.

ಶಾಂತವೀರ ಕಣ್ಣು ತೆರೆದ. ಅವ್ವನ ಕೈಯಲ್ಲಿ ಸೂಜಿ ನೋಡಿ ಏನೋ ಹೇಳಲು ಹೋದ.

"ಮಾತಾಡಬ್ಯಾಡ," ಅಂದರು ಅತ್ತೆ, ಅವನ ಪಕ್ಕದಲ್ಲಿ ಮಂಡಿಯೂರಿ ಕೂತು. "ಅಂಗಿ ಎತ್ತು."